ಕಾಣದ ಪೆಟ್ಟು: ಕಾಂಪೋಸಿಟ್ ವಸ್ತುಗಳಿಗೆ ದಣಿವು ಹೇಗೆ ಬರ್ತದೆ?

(ಇಯತ್ತೆ 9 ಮತ್ತು 10ರ ವಿದ್ಯಾರ್ಥಿಗಳಿಗೆ)



2014ರ ಫೆಬ್ರವರಿ ಕೊನೆಗೆ ಮತ್ತು ಮಾರ್ಚ್ ತಿಂಗಳಲ್ಲಿ ಮರಾಠವಾಡದ ಮೇಲೆ ಸುರಿದ ಆಣೆಕಲ್ಲು ಮಳೆಯ ಸಂಗತಿಯನ್ನು ಮನೆಯ ಹಿರಿಯರಿಂದ ನೀವು ಕೇಳಿರಬಹುದು. ನಮ್ಮ ಕಡೆ ಇದಕ್ಕೆ ಗಾರಪೀಟ್ ಅಂತಾರೆ. ಕೈಗೆ ಬಂದ ಜೋಳ, ಗೋದಿ, ಕಡಲೆ ನೆಲ ಹಿಡಿದವು. ಅಂಥ ಕಲ್ಲು ತಗಡಿನ ಡಬ್ಬಿಯ ಮೇಲೆ ಬಿದ್ದರೆ ತಗ್ಗು ಬೀಳ್ತದೆ, ನೋಡಿದ ಕೂಡಲೇ ಗೊತ್ತಾಗ್ತದೆ. ಆದರೆ ಈಗಿನ ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು ಇವು ಬರೀ ಲೋಹದವು ಅಲ್ಲ. ನಾರು ಮತ್ತು ಅಂಟು ಸೇರಿಸಿ ಮಾಡಿದವು. ಅವುಗಳ ಮೇಲೆ ಜೋರಾದ ಪೆಟ್ಟು ಬಿದ್ದರೂ ಮೇಲ್ಮೈ ಮೇಲೆ ಏನೂ ಕಾಣದೇ ಇರಬಹುದು. ಒಳಗೆ ಮಾತ್ರ ಪೆಟ್ಟು ಕೂತಿರ್ತದೆ. ಮುಂದೆ ಆ ಭಾಗದ ಮೇಲೆ ದಿನಾಲೂ ಭಾರ ಬೀಳುತ್ತಾ ಹೋದಂತೆ ಆ ಗಾಯ ಬೆಳೆಯಬಹುದು. ಇದು ಹೇಗೆ, ಇದನ್ನು ತಡೆಯುವುದು ಹೇಗೆ ಎನ್ನುವುದೇ ಈ ಪಾಠ.

ಕಾಂಪೋಸಿಟ್ ಅಂದರೆ ಏನು?

ಬೇರೆ ಬೇರೆ ಗುಣದ ಎರಡು ವಸ್ತುಗಳನ್ನು ಕೂಡಿಸಿ, ಒಂದೊಂದರಲ್ಲಿ ಇಲ್ಲದ ಬಲವನ್ನು ಪಡೆದರೆ ಅದು ಕಾಂಪೋಸಿಟ್, ಅಂದರೆ ಸಂಯೋಜಿತ ವಸ್ತು. ಇದು ನಮಗೆ ಹೊಸದಲ್ಲ. ಮಣ್ಣಿಗೆ ಹೊಟ್ಟು, ಸಣ್ಣ ಹುಲ್ಲು ಹಾಕಿ ತುಳಿದು ಗೋಡೆ ಮೆತ್ತುತ್ತಿದ್ದರಲ್ಲ, ಅದೂ ಕಾಂಪೋಸಿಟ್ಟೇ. ಬರೀ ಮಣ್ಣು ಒಣಗಿದರೆ ಬಿರಿಯುತ್ತದೆ. ಬರೀ ಹುಲ್ಲು ಗೋಡೆಯಾಗಿ ನಿಲ್ಲುವುದಿಲ್ಲ. ಎರಡೂ ಕೂಡಿದರೆ ಹುಲ್ಲು ಬಿರುಕನ್ನು ಹಿಡಿದು ನಿಲ್ಲಿಸುತ್ತದೆ, ಮಣ್ಣು ಹುಲ್ಲನ್ನು ಜಾಗದಲ್ಲಿ ಇಡುತ್ತದೆ. ಕಟ್ಟಿಗೆ, ನಮ್ಮ ಎಲುಬು ಇವು ನಿಸರ್ಗವೇ ಮಾಡಿದ ಕಾಂಪೋಸಿಟ್‌ಗಳು.

ಕಾರ್ಖಾನೆಯಲ್ಲಿ ಹುಲ್ಲಿನ ಜಾಗದಲ್ಲಿ ಗಾಜಿನ ಅಥವಾ ಕಾರ್ಬನ್ನಿನ ಎಳೆ, ಮಣ್ಣಿನ ಜಾಗದಲ್ಲಿ ಎಪಾಕ್ಸಿಯಂಥ ರಾಳ ಬರುತ್ತದೆ. ಕಾರ್ಬನ್ ಎಳೆಯ ದಪ್ಪ 5ರಿಂದ 7 ಮೈಕ್ರೋಮೀಟರ್ ಮಾತ್ರ. ನಿಮ್ಮ ತಲೆಗೂದಲು ಅದರ ಸುಮಾರು ಹತ್ತು ಪಟ್ಟು ದಪ್ಪ. ಈ ಎಳೆಗಳನ್ನು ಒಂದೇ ದಿಕ್ಕಿಗೆ ಹಾಸಿ, ರಾಳ ತುಂಬಿದರೆ ಒಂದು ತೆಳು ಪದರು ಆಗುತ್ತದೆ. ಒಂದು ಪದರಿನಲ್ಲಿ ಎಳೆ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ, ಮತ್ತೊಂದರಲ್ಲಿ ಓರೆಯಾಗಿ ಇಟ್ಟು, ಒತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಪದರು 0.125 ಮಿ.ಮೀ. ದಪ್ಪ ಇದ್ದರೆ 5 ಮಿ.ಮೀ. ಹಲಗೆಯಲ್ಲಿ 40 ಪದರು ಇರ್ತವೆ.

ಒಂದು ಮಾತು ಇಲ್ಲೇ ಗಮನಿಸಿ. ಪದರಿನ ಒಳಗೆ ಬಲ ಕೊಡಲು ಎಳೆಗಳಿವೆ. ಪದರು ಮತ್ತು ಪದರಿನ ನಡುವೆ ಮಾತ್ರ ಎಳೆ ಇಲ್ಲ, ಬರೀ ರಾಳ ಇದೆ. ಇಡೀ ಹಲಗೆಯಲ್ಲಿ ದುರ್ಬಲ ಜಾಗ ಅದೇ.

ನಮ್ಮ ದೇಶದಲ್ಲಿ ಈ ಕೆಲಸದ ದೊಡ್ಡ ಕೇಂದ್ರ ಬೆಂಗಳೂರು. 1959ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್.ಎ.ಎಲ್., ಅಲ್ಲಿದೆ. ಅವರ ಪುಟ್ಟ ತರಬೇತಿ ವಿಮಾನ ಹಂಸ ಕಾಂಪೋಸಿಟ್‌ನಿಂದಲೇ ಮಾಡಿದ್ದು. ಮೊದಲು ಹಾರಿದ್ದು 1993ರಲ್ಲಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45 ಶೇಕಡಾ ಕಾಂಪೋಸಿಟ್. ಬೋಯಿಂಗ್ 787 ಪ್ರಯಾಣಿಕ ವಿಮಾನದಲ್ಲಿ ಇದು ಸುಮಾರು ಅರ್ಧ. ಸಾತಾರಾ, ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಉದ್ದ ಅಲಗುಗಳು ಮುಖ್ಯವಾಗಿ ಗಾಜಿನ ನಾರಿನವು. ಇಷ್ಟು ಜನರ ಜೀವ, ಇಷ್ಟು ಯಂತ್ರಗಳು ಈ ವಸ್ತುವಿನ ಮೇಲೆ ನಿಂತಿವೆ.

ದಣಿವು ಅಂದರೆ ಏನು?

ಬೈಂಡಿಂಗ್ ತಂತಿಯನ್ನು ಕೈಯಿಂದ ಎಳೆದರೆ ಹರಿಯುವುದಿಲ್ಲ. ಅದೇ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಬಾಗಿಸಿ ನೋಡ್ರಿ, ಟಕ್ ಅಂತ ಮುರಿಯುತ್ತದೆ. ಒಂದು ಸಲಕ್ಕೆ ಏನೂ ಮಾಡದ ಬಲ, ಮತ್ತೆ ಮತ್ತೆ ಬಿದ್ದಾಗ ವಸ್ತುವನ್ನು ಮುರಿಯುವುದಕ್ಕೆ ದಣಿವು ಎನ್ನುತ್ತಾರೆ. ಎಷ್ಟು ಪೀಡನ ಹಾಕಿದರೆ ಎಷ್ಟು ಸಲಕ್ಕೆ ಮುರಿಯುತ್ತದೆ ಎಂದು ಕ್ರಮವಾಗಿ ಅಳೆದವರಲ್ಲಿ ಮೊದಲಿಗರು ಜರ್ಮನಿಯ ಆಗಸ್ಟ್ ವೋಲರ್. 1850–60ರ ದಶಕಗಳಲ್ಲಿ ಅವರು ರೈಲುಗಾಲಿಯ ಅಚ್ಚುಗಳ ಮೇಲೆ ಈ ಪ್ರಯೋಗ ಮಾಡಿದರು. ನಿಗದಿ ಮಾಡಿದಷ್ಟು ಸಲ, ಉದಾಹರಣೆಗೆ 10 ಲಕ್ಷ ಸಲ, ಬಿದ್ದರೂ ವಸ್ತು ಮುರಿಯದೆ ತಾಳುವ ಪೀಡನವೇ ಅದರ ದಣಿವಿನ ತಾಳಿಕೆ.

ಗಾಳಿಯಂತ್ರದ ಲೆಕ್ಕ ಮಾಡೋಣ. ಅದು ನಿಮಿಷಕ್ಕೆ 15 ಸುತ್ತು ತಿರುಗುತ್ತದೆ ಎಂದು ಹಿಡಿಯಿರಿ. ಅಲಗು ಒಂದು ಬದಿಯಿಂದ ಇನ್ನೊಂದು ಬದಿಗೆ ಬಂದಾಗ ಅದರ ಸ್ವಂತ ತೂಕದ ಬಾಗು ತಿರುಗುಮುರುಗಾಗುತ್ತದೆ. ಅಂದರೆ ಸುತ್ತಿಗೆ ಒಂದು ಸಲ ಬಾಗು.

15 × 60 × 24 × 365 = 78,84,000

ವರ್ಷಕ್ಕೆ ಸುಮಾರು 79 ಲಕ್ಷ. 20 ವರ್ಷಕ್ಕೆ 15 ಕೋಟಿಗೂ ಹೆಚ್ಚು! ಗಾಳಿ ಇಲ್ಲದೆ ಅರ್ಧ ಕಾಲ ನಿಂತರೂ 7 ಕೋಟಿ ದಾಟುತ್ತದೆ.

ಇಷ್ಟು ಸಲ ಬಾಗುವ ಕೆಲಸಕ್ಕೆ ಕಾಂಪೋಸಿಟ್ ಒಳ್ಳೆಯ ವಸ್ತು. ಪೆಟ್ಟು ಬೀಳದ ಕಾರ್ಬನ್ ಹಲಗೆ ದಣಿವನ್ನು ಅಲ್ಯೂಮಿನಿಯಮ್‌ಗಿಂತ ಚೆನ್ನಾಗಿ ತಾಳುತ್ತದೆ. ಲೋಹದಲ್ಲಿ ಒಂದು ಬಿರುಕು ಹುಟ್ಟಿ ಅದೇ ಉದ್ದ ಬೆಳೆಯುತ್ತದೆ. ಕಾಂಪೋಸಿಟ್‌ನಲ್ಲಿ ರಾಳದಲ್ಲಿ ಸಣ್ಣ ಸಣ್ಣ ಬಿರುಕು ಹುಟ್ಟಿದರೂ ಎಳೆಗಳು ಅಡ್ಡ ನಿಂತು ತಡೆಯುತ್ತವೆ. ಹಾಗಾದರೆ ಚಿಂತೆ ಯಾಕೆ? ಪೆಟ್ಟು ಬಿದ್ದಾಗ ಈ ಲೆಕ್ಕ ಪೂರ್ತಿ ಬದಲಾಗುತ್ತದೆ.

ಪೆಟ್ಟಿನ ಶಕ್ತಿ ಎಷ್ಟು?

4 ಸೆಂ.ಮೀ. ವ್ಯಾಸದ ಆಣೆಕಲ್ಲಿನ ತೂಕ ಸುಮಾರು 30 ಗ್ರಾಂ. ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬೀಳುತ್ತದೆ ಎಂದು ಹಿಡಿದರೆ,

ಚಲನ ಶಕ್ತಿ = ½ × 0.03 × 25 × 25 = ಸುಮಾರು 9.4 ಜೂಲ್

1 ಕಿಲೋ ಸುತ್ತಿಗೆ 1 ಮೀಟರ್ ಮೇಲಿನಿಂದ ಬಿದ್ದರೂ ಹೆಚ್ಚು ಕಡಿಮೆ ಇಷ್ಟೇ, 9.8 ಜೂಲ್. ಈಗ ತಿರುಗುತ್ತಿರುವ ಗಾಳಿಯಂತ್ರದ ಅಲಗಿನ ತುದಿ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಅದೇ ಕಲ್ಲಿಗೆ ಡಿಕ್ಕಿ ಹೊಡೆದರೆ? ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿ ಇರುವುದರಿಂದ 96 ಜೂಲ್. ಹತ್ತು ಪಟ್ಟು!

ಪ್ರಯೋಗಾಲಯದಲ್ಲಿ ಈ ಪೆಟ್ಟನ್ನು ಅಳತೆಯಿಟ್ಟು ಹೊಡೆಯುತ್ತಾರೆ. 150 × 100 ಮಿ.ಮೀ. ಹಲಗೆಯ ತುಂಡನ್ನು ಚೌಕಟ್ಟಿನಲ್ಲಿ ಬಿಗಿದು, 16 ಮಿ.ಮೀ. ವ್ಯಾಸದ ದುಂಡು ಮೂತಿಯ 5.5 ಕಿಲೋ ತೂಕವನ್ನು ಮೇಲಿನಿಂದ ಬಿಡುತ್ತಾರೆ. ಸಾಮಾನ್ಯ ನಿಯಮ, ಹಲಗೆಯ ಪ್ರತಿ ಮಿ.ಮೀ. ದಪ್ಪಕ್ಕೆ 6.7 ಜೂಲ್. 5 ಮಿ.ಮೀ. ಹಲಗೆಗೆ 33.5 ಜೂಲ್. ತೂಕವನ್ನು ಎಷ್ಟು ಎತ್ತರದಿಂದ ಬಿಡಬೇಕು? ಇದನ್ನು ಕೊನೆಯ ಪ್ರಶ್ನೆಗಳಲ್ಲಿ ನೀವೇ ಕಂಡುಹಿಡಿಯಿರಿ.

ಪೆಟ್ಟು ಬಿದ್ದಾಗ ಒಳಗೆ ಏನಾಗ್ತದೆ?

ಅಲ್ಯೂಮಿನಿಯಮ್ ಹಾಳೆ ಪೆಟ್ಟು ತಿಂದಾಗ ತಗ್ಗಾಗಿ ಉಳಿಯುತ್ತದೆ. ಶಕ್ತಿಯನ್ನು ಅದು ತಗ್ಗಾಗುವುದರಲ್ಲಿ ಖರ್ಚು ಮಾಡಿತು. ಕಾರ್ಬನ್ ಹಲಗೆ ಹಾಗೆ ತಗ್ಗಾಗುವುದಿಲ್ಲ. ಬಿಲ್ಲಿನಂತೆ ಬಾಗಿ, ಮತ್ತೆ ಮೊದಲಿನ ಆಕಾರಕ್ಕೇ ಬರುತ್ತದೆ. ಆದರೆ ಬಾಗುವಾಗ ಒಳಗಿನ ಪದರುಗಳು ಒಂದರ ಮೇಲೊಂದು ಜಾರಲು ನೋಡುತ್ತವೆ. ಮೊದಲು ರಾಳದಲ್ಲಿ ಓರೆ ಬಿರುಕು ಬೀಳುತ್ತವೆ. ಆ ಬಿರುಕು ಮುಂದಿನ ಪದರಿಗೆ ಬಂದಾಗ ಅಲ್ಲಿ ಎಳೆಯ ದಿಕ್ಕು ಬೇರೆ ಇರ್ತದೆ, ಮುಂದೆ ಹೋಗಲಾಗುವುದಿಲ್ಲ. ಆಗ ಎರಡು ಪದರುಗಳ ನಡುವಿನ ರಾಳದಲ್ಲಿ ಅಡ್ಡಕ್ಕೆ ಹರಡುತ್ತದೆ. ಪದರು ಬಿಟ್ಟುಕೊಳ್ಳುತ್ತದೆ. ಪೆಟ್ಟು ಇನ್ನೂ ಜೋರಾಗಿದ್ದರೆ ಹಿಂಬದಿಯ ಎಳೆಗಳೂ ಹರಿಯುತ್ತವೆ.

ಈ ಗಾಯದ ಆಕಾರ ಕಣದಲ್ಲಿ ಹಾಕಿದ ಜೋಳದ ರಾಶಿಯ ಹಾಗೆ. ಮೇಲೆ ಪೆಟ್ಟು ಬಿದ್ದಲ್ಲಿ ಚೂಪು, ಕೆಳಗೆ ಹೋದಂತೆ ಅಗಲ. ಮೇಲ್ಮೈಯಲ್ಲಿ ಅರ್ಧ ಮಿಲಿಮೀಟರ್ ತಗ್ಗೂ ಇರಲಿಕ್ಕಿಲ್ಲ, ಕೆಳಗಿನ ಪದರುಗಳಲ್ಲಿ ಅಂಗೈಯಷ್ಟು ಅಗಲ ಬಿಟ್ಟಿರಬಹುದು. ಎಂಜಿನಿಯರುಗಳು ಇದನ್ನು ಕಂಡೂ ಕಾಣದ ಆಘಾತ ಎಂದು ಕರೆಯುತ್ತಾರೆ.

ಪದರು ಬಿಟ್ಟರೆ ಬಲ ಯಾಕೆ ಹೋಗ್ತದೆ?

ಎಳೆಗಳು ಹೆಚ್ಚಾಗಿ ಹರಿದಿಲ್ಲವಲ್ಲ, ಬರೀ ನಡುವಿನ ಅಂಟು ಬಿಟ್ಟಿದೆ, ಅದರಿಂದೇನು ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಎಳೆಯುವ ಬಲಕ್ಕೆ ನಿಜವಾಗಿಯೂ ಅಷ್ಟು ತೊಂದರೆ ಆಗುವುದಿಲ್ಲ. ಒತ್ತುವ ಬಲ ಬಂದಾಗ ತೊಂದರೆ ಶುರು. ಹಗ್ಗದಿಂದ ಎತ್ತನ್ನು ಎಳೆಯಬಹುದು, ಹಗ್ಗದಿಂದ ಎತ್ತನ್ನು ನೂಕಲಾಗುವುದಿಲ್ಲ. ತೆಳ್ಳಗಿನ ವಸ್ತು ಒತ್ತಿದರೆ ಬಾಗಿ ಉಬ್ಬುತ್ತದೆ.

ಬಾಗುವುದನ್ನು ತಡೆಯುವ ಬಿರುಸು ದಪ್ಪದ ಘನಕ್ಕೆ ಅನುಪಾತದಲ್ಲಿ ಇರ್ತದೆ. ಒಂದು ರಟ್ಟಿನ ಬಿರುಸು 1 ಎಂದು ಹಿಡಿಯಿರಿ. 8 ರಟ್ಟುಗಳನ್ನು ಅಂಟಿಸಿದರೆ 8 × 8 × 8 = 512. ಅಂಟಿಲ್ಲದೆ ಬರೀ ಒಂದರ ಮೇಲೊಂದು ಇಟ್ಟರೆ 8 ಮಾತ್ರ. ರಟ್ಟು ಅಷ್ಟೇ, ತೂಕ ಅಷ್ಟೇ, ಬಿರುಸಿನಲ್ಲಿ 64 ಪಟ್ಟು ವ್ಯತ್ಯಾಸ. ಅಂಟಿನ ಬೆಲೆ ಇದು.

ನಮ್ಮ ಭಾಗದ ಜನರಿಗೆ ಇದರ ಅರ್ಥ ಪುಸ್ತಕದಿಂದ ಕಲಿಯಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ಸಾವಿರಾರು ಜನ ತಮ್ಮ ಮನೆಯ ಗೋಡೆ, ಮಾಳಿಗೆಗಳ ಅಡಿಯಲ್ಲೇ ತೀರಿಕೊಂಡರು. ಆ ಗೋಡೆಗಳು ತೆಳ್ಳಗಿರಲಿಲ್ಲ, ಎರಡು ಅಡಿ, ಅದಕ್ಕಿಂತ ದಪ್ಪ ಇದ್ದವು. ಆದರೆ ಅನೇಕ ಗೋಡೆಗಳಲ್ಲಿ ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲು ತುಂಬಿದ್ದರು. ಎರಡೂ ಮುಖಗಳನ್ನು ಹಿಡಿದು ಕಟ್ಟುವ, ಆರುಪಾರು ಹಾಯುವ ಉದ್ದ ಕಲ್ಲುಗಳು ಇರಲಿಲ್ಲ. ನೆಲ ಅಲುಗಿದಾಗ ಎರಡು ಮುಖಗಳು ಬೇರೆಯಾದವು, ಉಬ್ಬಿದವು, ಮೇಲಿನ ಭಾರವಾದ ಮಣ್ಣಿನ ಮಾಳಿಗೆ ಕುಸಿಯಿತು. ಉಳಿದ ಮನೆಗಳನ್ನು ಗಟ್ಟಿ ಮಾಡುವಾಗ ಗೋಡೆಯ ಆರುಪಾರು ಹಾಯುವ ಕಟ್ಟು ಹಾಕಲು ತಜ್ಞರು ಹೇಳಿದ್ದು ಇದಕ್ಕೇ. ಕಲ್ಲಿನ ಗೋಡೆ ಮತ್ತು ಕಾರ್ಬನ್ ಹಲಗೆ ಬೇರೆ ಬೇರೆ, ಆದರೆ ನಿಯಮ ಒಂದೇ: ದಪ್ಪ ಇದ್ದರೆ ಸಾಲದು, ಪದರುಗಳು ಕೂಡಿ ನಿಂತಿರಬೇಕು. ಇವತ್ತು ಕೆಲವು ಕಾಂಪೋಸಿಟ್‌ಗಳಲ್ಲೂ ಪದರುಗಳನ್ನು ಮೇಲಿನಿಂದ ಕೆಳಗೆ ದಾರದಿಂದ ಹೊಲಿಯುತ್ತಾರೆ. ಅದು ಗೋಡೆಯ ಆರುಪಾರು ಕಲ್ಲಿನ ಕೆಲಸವನ್ನೇ ಮಾಡುತ್ತದೆ.

ಪೆಟ್ಟು ಮತ್ತು ದಣಿವು ಕೂಡಿದಾಗ

ಈಗ ಮುಖ್ಯ ವಿಷಯಕ್ಕೆ ಬಂದೆವು. ಪೆಟ್ಟು ತಿಂದ ಹಲಗೆಯನ್ನು ಒತ್ತಿದಾಗ, ಬಿಟ್ಟ ಪದರು ಹೊರಗೆ ಉಬ್ಬುತ್ತದೆ. ಉಬ್ಬಿದಾಗ ತನ್ನ ಅಂಚಿನಲ್ಲಿ ಇನ್ನೂ ಅಂಟಿಕೊಂಡಿರುವ ಭಾಗವನ್ನು ಸ್ವಲ್ಪ ಕೀಳುತ್ತದೆ. ಒತ್ತಡ ಬಿಟ್ಟರೆ ಮತ್ತೆ ಕೂಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಕೀಳುತ್ತದೆ. ಬಿಟ್ಟ ಭಾಗ ಉದ್ದವಾದಷ್ಟೂ ಕಡಿಮೆ ಬಲಕ್ಕೇ ಉಬ್ಬುತ್ತದೆ. ಉದ್ದ ಎರಡು ಪಟ್ಟಾದರೆ ಉಬ್ಬಿಸಲು ಬೇಕಾದ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾಯ ಬೆಳೆದಷ್ಟೂ ಮುಂದೆ ಬೆಳೆಯುವುದು ಸುಲಭ. ಅದಕ್ಕೇ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಥಟ್ಟನೆ ಹೋಗುತ್ತದೆ.

ಅಂಕಿಯಲ್ಲಿ ನೋಡೋಣ. ಹೊಸ ಹಲಗೆ ಒಂದು ಸಲದ ಒತ್ತುಬಲದಲ್ಲಿ 100 ಅಂಕ ತಾಳುತ್ತದೆ ಎಂದುಕೊಳ್ಳಿ. ಕಂಡೂ ಕಾಣದ ಪೆಟ್ಟಿನ ನಂತರ ಇದು ಅರ್ಧದ ಹತ್ತಿರ, 50ಕ್ಕೆ ಇಳಿಯುವುದು ಅಪರೂಪವಲ್ಲ. ಇದು ಒಂದೇ ಸಲದ ಮಾತು. ಲಕ್ಷಾಂತರ ಸಲ ಒತ್ತಬೇಕಾದರೆ ಆ 50ರಲ್ಲೂ ಒಂದು ಭಾಗ ಮಾತ್ರ ಬಳಸಬೇಕು. 60 ಶೇಕಡಾ ಎಂದು ಹಿಡಿದರೆ ಉಳಿಯುವುದು 30. (ಈ ಅಂಕಿಗಳು ಲೆಕ್ಕ ತಿಳಿಯುವುದಕ್ಕೆ. ವಸ್ತು, ದಪ್ಪ, ಪೆಟ್ಟು ಬದಲಾದರೆ ಇವೂ ಬದಲಾಗ್ತವೆ.)

ಇದರಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಪೀಡನ ಒಂದು ಮಿತಿಗಿಂತ ಕೆಳಗೆ ಇದ್ದರೆ ಬಿಟ್ಟ ಪದರು ಲಕ್ಷಾಂತರ ಸಲಕ್ಕೂ ಬೆಳೆಯುವುದಿಲ್ಲ. ಆ ಮಿತಿಯನ್ನು ಸ್ವಲ್ಪ ದಾಟಿದರೂ ಬೇಗ ಬೆಳೆಯುತ್ತದೆ. ಆದ್ದರಿಂದ ವಿಮಾನ ಕಟ್ಟುವವರು ಮೊದಲೇ ಹೀಗೆ ಯೋಚಿಸುತ್ತಾರೆ: ಕಾಣದ ಪೆಟ್ಟು ಇದ್ದೇ ಇರ್ತದೆ, ಇದ್ದರೂ ಅದು ಬೆಳೆಯಬಾರದು. ಕಾರ್ಬನ್ ಎಳೆ ಮುರಿಯುವ ಮುನ್ನ ತನ್ನ ಉದ್ದದ ಸುಮಾರು 1.5 ಶೇಕಡಾ ಹಿಗ್ಗಬಲ್ಲದು. ಆದರೆ ವಿನ್ಯಾಸದಲ್ಲಿ ಬಹಳ ಸಲ 0.3–0.4 ಶೇಕಡಾ ವಿಕೃತಿಯನ್ನೇ ಮಿತಿ ಎಂದು ಇಡುತ್ತಾರೆ. ವಸ್ತುವಿನ ಬಲದ ದೊಡ್ಡ ಪಾಲನ್ನು ಬಳಸದೆ ಕೈಕಟ್ಟಿ ಕೂಡುವುದಕ್ಕೆ ಈ ಪೆಟ್ಟೂ ಒಂದು ದೊಡ್ಡ ಕಾರಣ.

ಇನ್ನೊಂದು ಸೂಕ್ಷ್ಮ. ಹಾರುವಾಗ ವಿಮಾನದ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಆಗ ರೆಕ್ಕೆಯ ಕೆಳಮೈ ಎಳೆತಕ್ಕೆ, ಮೇಲ್ಮೈ ಒತ್ತಿಗೆ ಸಿಗುತ್ತದೆ. ಆಣೆಕಲ್ಲು ಬೀಳುವುದು ಎಲ್ಲಿ? ರಿಪೇರಿ ಮಾಡುವಾಗ ಪಾನಾ ಕೈಜಾರಿ ಬೀಳುವುದು ಎಲ್ಲಿ? ಮೇಲ್ಮೈ ಮೇಲೆಯೇ!

ಒಂದು ಇತಿಹಾಸ

ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿ 1960ರ ದಶಕದ ಕೊನೆಗೆ ಆರ್‌ಬಿ211 ಎಂಬ ವಿಮಾನ ಎಂಜಿನ್‌ಗೆ ಕಾರ್ಬನ್ ನಾರಿನ ಫ್ಯಾನ್ ಅಲಗು ಮಾಡಲು ಹೊರಟಿತು. ತೂಕ ಕಡಿಮೆ, ಬಲ ಹೆಚ್ಚು. ಎಲ್ಲ ಚೆನ್ನಾಗಿತ್ತು. ಹಕ್ಕಿ ಬಡಿದರೆ ತಾಳುತ್ತದೆಯೇ ಎಂದು 1970ರಲ್ಲಿ ಪರೀಕ್ಷೆ ಮಾಡಿದಾಗ ಅಲಗುಗಳು ಒಡೆದವು. ಕೊನೆಗೆ ಟೈಟೇನಿಯಮ್ ಅಲಗು ಹಾಕಬೇಕಾಯಿತು. ಆ ಎಂಜಿನ್ನಿನ ಖರ್ಚು ಏರಿ 1971ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಗಿ ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ 1995ರಲ್ಲಿ ಬಳಕೆಗೆ ಬಂದ ಜಿಇ90 ಎಂಜಿನ್ನಿನಲ್ಲಿ ಕಾರ್ಬನ್ ಅಲಗು ಯಶಸ್ವಿಯಾಯಿತು. ಅದರಲ್ಲಿ ಹಕ್ಕಿ ಬಡಿಯುವ ಮುಂಚೂಣಿ ಅಂಚಿಗೆ ಟೈಟೇನಿಯಮ್ ಪಟ್ಟಿ ಹಾಕಿದ್ದರು. ಬಲ ಎಷ್ಟಿದೆ ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ. ಪೆಟ್ಟು ತಿಂದ ಮೇಲೆ ಎಷ್ಟು ಉಳಿಯಿತು ಎನ್ನುವುದು ಉಳಿದ ಅರ್ಧ.

ಕಾಣದ್ದನ್ನು ಹುಡುಕುವುದು ಹೇಗೆ?

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅವ್ವ ಬೆರಳಿನಿಂದ ತಟ್ಟಿ ನೋಡುತ್ತಾಳೆ. ಠಣ್ ಅಂದರೆ ಗಟ್ಟಿ, ಬೊದ್ ಅಂದರೆ ಬಿರುಕು. ವಿಮಾನದ ಮೆಕ್ಯಾನಿಕರೂ ಇದನ್ನೇ ಮಾಡುತ್ತಾರೆ. ನಾಣ್ಯ ಅಥವಾ ಸಣ್ಣ ಸುತ್ತಿಗೆಯಿಂದ ರೆಕ್ಕೆಯ ಮೇಲೆ ತಟ್ಟುತ್ತಾ ಹೋಗುತ್ತಾರೆ. ಪದರು ಬಿಟ್ಟಲ್ಲಿ ಸದ್ದು ಮಂದವಾಗುತ್ತದೆ. ಅನುಮಾನ ಬಂದರೆ ಅಲ್ಟ್ರಾಸೌಂಡ್, ದವಾಖಾನೆಯ ಸೋನೋಗ್ರಫಿಯ ತತ್ತ್ವವೇ. ಶಬ್ದದ ಅಲೆ ಒಳಗೆ ಹೋಗಿ, ಬಿಟ್ಟ ಜಾಗಕ್ಕೆ ತಾಗಿ ಮರಳಿ ಬರುತ್ತದೆ. ಎಷ್ಟು ಆಳದಲ್ಲಿ, ಎಷ್ಟು ಅಗಲ ಬಿಟ್ಟಿದೆ ಎಂದು ತಿಳಿಯುತ್ತದೆ. ಆಮೇಲೆ ಕೆಟ್ಟ ಪದರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆದು, ಹೊಸ ಪದರುಗಳ ತೇಪೆ ಹಾಕುತ್ತಾರೆ.

ಹೊಸ ವಿಮಾನವನ್ನು ಒಪ್ಪುವ ಮೊದಲು ಪೂರ್ಣ ಗಾತ್ರದ ರೆಕ್ಕೆಯನ್ನೇ ಜಾಕ್‌ಗಳಿಂದ ಸಾವಿರಾರು ಸಲ ಬಾಗಿಸುತ್ತಾರೆ. ಬೆಂಗಳೂರಿನ ಎನ್.ಎ.ಎಲ್.ನಲ್ಲಿ ಪೂರ್ಣ ಗಾತ್ರದ ದಣಿವು ಪರೀಕ್ಷೆಯ ವ್ಯವಸ್ಥೆ ಇದೆ. ಕಾಂಪೋಸಿಟ್ ರೆಕ್ಕೆಯಾದರೆ ಪರೀಕ್ಷೆಗೆ ಮುಂಚೆ ಬೇಕೆಂದೇ ಅದಕ್ಕೆ ಪೆಟ್ಟು ಹೊಡೆದಿರುತ್ತಾರೆ. ಪೆಟ್ಟು ತಿಂದ ರೆಕ್ಕೆಯೇ ಪಾಸಾಗಬೇಕು.

ಇಷ್ಟೆಲ್ಲ ಯಂತ್ರ ಇದ್ದರೂ ಒಂದು ಕೆಲಸ ಮನುಷ್ಯನದೇ. ಪಾನಾ ಕೈಜಾರಿ ರೆಕ್ಕೆಯ ಮೇಲೆ ಬಿದ್ದರೆ, ಗುರುತು ಕಾಣಲಿಲ್ಲ ಅಂತ ಸುಮ್ಮನಿರದೆ, ಬಿದ್ದಿತು ಎಂದು ಹೇಳಬೇಕು. ಹೇಳಿದವನನ್ನು ಬೈಯುವ ಜಾಗದಲ್ಲಿ ಯಾರೂ ಹೇಳುವುದಿಲ್ಲ. ಆದ್ದರಿಂದ ಹೇಳಿದವನಿಗೆ ಶಿಕ್ಷೆ ಆಗದ ಹಾಗೆ ನೋಡಿಕೊಳ್ಳುವುದೂ ಸುರಕ್ಷತೆಯ ಭಾಗವೇ.

ಮನೆಯಲ್ಲೂ ಇದು ಉಪಯೋಗಕ್ಕೆ ಬರ್ತದೆ. ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಮೇಲಿನಿಂದ ಚೆನ್ನಾಗಿ ಕಂಡರೂ ಬದಲಿಸಬೇಕು. 2021ರಿಂದ ಸಿಗುವ ಕಾಂಪೋಸಿಟ್ ಗ್ಯಾಸ್ ಸಿಲಿಂಡರಿನಲ್ಲಿ ಗಾಜಿನ ನಾರು ಸುತ್ತಿದ ಪದರಿನ ಮೇಲೆ ಪ್ಲಾಸ್ಟಿಕ್ ಕವಚ ಇದೆ. ತುಂಬುವುದು, ಖಾಲಿಯಾಗುವುದು ಅದಕ್ಕೂ ಒಂದು ಆವರ್ತನೆ. ಅದನ್ನು ಎತ್ತಿ ಹಾಕಬೇಡಿ. ಎತ್ತರದಿಂದ ಬಿದ್ದರೆ ಏಜೆನ್ಸಿಗೆ ತಿಳಿಸಿರಿ.

ಮಾಡಿ ನೋಡಿರಿ

ಬೇಕಾದದ್ದು: ಹಳೆಯ ಲಗ್ನಪತ್ರಿಕೆಗಳ ರಟ್ಟು, ಫೆವಿಕಾಲ್, ತೆಳು ಪ್ಲಾಸ್ಟಿಕ್ ಹಾಳೆ, ಪೆನ್ಸಿಲ್, ಅಳತೆಪಟ್ಟಿ.

1. ರಟ್ಟಿನಿಂದ 15 × 3 ಸೆಂ.ಮೀ. ಅಳತೆಯ 16 ಪಟ್ಟಿ ಕತ್ತರಿಸಿರಿ.
2. 8 ಪಟ್ಟಿಗಳನ್ನು ಪೂರ್ತಿ ಅಂಟಿಸಿರಿ. ಇದು ‘ಅ’.
3. ಉಳಿದ 8 ಪಟ್ಟಿಗಳನ್ನೂ ಅಂಟಿಸಿರಿ. ಆದರೆ ಮೇಲಿನಿಂದ ಎರಡನೆಯ ಮತ್ತು ಮೂರನೆಯ ಪಟ್ಟಿಯ ನಡುವೆ, ಸರಿ ಮಧ್ಯದಲ್ಲಿ 5 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ತುಂಡು ಇಡಿರಿ. ಅಲ್ಲಿ ಅಂಟು ಹಿಡಿಯುವುದಿಲ್ಲ. ಇದು ‘ಬ’, ಪೆಟ್ಟು ತಿಂದ ಹಲಗೆ.
4. ಎರಡನ್ನೂ ಭಾರವಾದ ಪುಸ್ತಕಗಳ ಕೆಳಗೆ ಒಂದು ದಿನ ಒಣಗಿಸಿರಿ. ‘ಬ’ದ ಅಂಚಿನಲ್ಲಿ ಪ್ಲಾಸ್ಟಿಕ್‌ನ ಎರಡೂ ತುದಿಗೆ ಗುರುತು ಹಾಕಿರಿ.
5. ಎರಡೂ ತುದಿ ಹಿಡಿದು ನಿಧಾನವಾಗಿ, ಸ್ವಲ್ಪವೇ ಬಾಗಿಸಿರಿ. ‘ಬ’ದಲ್ಲಿ ಪ್ಲಾಸ್ಟಿಕ್ ಇರುವ ಮುಖ ಬಾಗಿನ ಒಳಬದಿಗೆ ಬರಲಿ. ಆ ಮುಖ ಒತ್ತಿಗೆ ಸಿಗುತ್ತದೆ. ಮೇಲಿನ ಎರಡು ರಟ್ಟು ಉಬ್ಬುವುದನ್ನು ನೋಡಿರಿ.
6. ಹೀಗೆ 50 ಸಲ, 100 ಸಲ, 200 ಸಲ ಮಾಡಿ, ಪ್ರತಿ ಸಲ ಬಿಟ್ಟ ಭಾಗದ ಉದ್ದ ಅಳೆದು ಕೋಷ್ಟಕದಲ್ಲಿ ಬರೆಯಿರಿ.
7. ಇನ್ನೊಂದು ‘ಬ’ ಪಟ್ಟಿ ಮಾಡಿ, ಪ್ಲಾಸ್ಟಿಕ್ ಇರುವ ಮುಖ ಬಾಗಿನ ಹೊರಬದಿಗೆ ಬರುವಂತೆ ಬಾಗಿಸಿರಿ. ಈಗ ಆ ಮುಖ ಎಳೆತಕ್ಕೆ ಸಿಗುತ್ತದೆ. ಎರಡರ ವ್ಯತ್ಯಾಸ ಬರೆಯಿರಿ.

ಜೊತೆಗೆ, ಶಾಲೆಯ ಗೋಡೆಯ ಗಿಲಾವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಸದ್ದು ಟೊಳ್ಳಾದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿದರೆ, ಬಿಟ್ಟ ಗಿಲಾವಿನ ನಕಾಶೆ ನಿಮಗೇ ಸಿಗುತ್ತದೆ.

ಪ್ರಶ್ನೆಗಳು

1. 5.5 ಕಿಲೋ ತೂಕ ಬಿದ್ದು 33.5 ಜೂಲ್ ಶಕ್ತಿ ಬರಬೇಕಾದರೆ ಎಷ್ಟು ಎತ್ತರದಿಂದ ಬಿಡಬೇಕು? (ಗುರುತ್ವ ವೇಗೋತ್ಕರ್ಷ 9.8 ಎಂದು ಹಿಡಿಯಿರಿ. ಉತ್ತರ: ಸುಮಾರು 62 ಸೆಂ.ಮೀ.)
2. 4 ರಟ್ಟುಗಳನ್ನು ಅಂಟಿಸಿದಾಗ ಮತ್ತು ಅಂಟಿಸದೆ ಇಟ್ಟಾಗ ಬಿರುಸಿನ ಅನುಪಾತ ಎಷ್ಟು?
3. ಪದರು ಬಿಟ್ಟ ಹಲಗೆ ಎಳೆತಕ್ಕಿಂತ ಒತ್ತುಬಲದಲ್ಲಿ ಯಾಕೆ ಹೆಚ್ಚು ದುರ್ಬಲ?
4. ತಗ್ಗು ಕಾಣುವ ಅಲ್ಯೂಮಿನಿಯಮ್ ಮತ್ತು ತಗ್ಗು ಕಾಣದ ಕಾರ್ಬನ್ ಹಲಗೆ, ಇವೆರಡರಲ್ಲಿ ಯಾವುದರ ಪೆಟ್ಟು ಹೆಚ್ಚು ಅಪಾಯಕಾರಿ? ಕಾರಣ ಕೊಡಿರಿ.
5. ನಮ್ಮ ಎಲುಬೂ ಕಾಂಪೋಸಿಟ್. ಆದರೂ ಅದರ ಸಣ್ಣ ಬಿರುಕು ತಾನಾಗಿ ಕೂಡುತ್ತದೆ, ವಿಮಾನದ ರೆಕ್ಕೆಯದು ಕೂಡುವುದಿಲ್ಲ. ಯಾಕೆ? ತರಗತಿಯಲ್ಲಿ ಚರ್ಚೆ ಮಾಡಿರಿ.